ಕಣದ ಮೇಲೆ ಒಂದು ವೃತ್ತ

ನಾಪೋಕ್ಲಿನ ಕಾಫಿ ಕಣ. ಜನವರಿ.
ಕೈವಾರದ ಮುಳ್ಳು ಮುರಿದಿತ್ತೋ, ಅಥವಾ
ಚೋಂದಮ್ಮ ಟೀಚರ್ ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದರೋ,
ಈಗಲೂ ನನಗೆ ಗೊತ್ತಿಲ್ಲ.

ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು,
ಅಡ್ಡಕ್ಕೆ ಏಳು ಮನೆ, ಉದ್ದಕ್ಕೆ ಏಳು ಮನೆ,
ಚೌಕಾಬಾರದ ಹಾಗೆ.
"ಇಷ್ಟೇ ಲೋಕ. ಸೊನ್ನೆಯಿಂದ ಆರರವರೆಗೆ ಅಂಕಿ.
ಆರಾದ ಮೇಲೆ?"
ಏಳು, ಅಂದೆ ನಾನು.
ಜುಬೇದಾ ನಕ್ಕಳು: "ಸಂತೆ!"
ಅವಳಪ್ಪ ಒಣಮೀನಿನ ವ್ಯಾಪಾರಿ.
ವಾರ ತಿರುಗುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು:
ಸಂತೆಯಿಂದ ಏಳು ದಿನ ನಡೆದರೆ ಮತ್ತೆ ಸಂತೆಯೇ,
ಏಳೆಂದರೆ ಸೊನ್ನೆ.

"ಈಗ ವೃತ್ತ ಬರೆಯಿರಿ."
ಹೇಗೆ? ಗೂಟವಿಲ್ಲ, ಹಗ್ಗವಿಲ್ಲ,
ಬಳಸಿ ಬರಲು ಬಾಗುವ ದಾರಿಯೇ ಇಲ್ಲ.
"ಅಡ್ಡದ ವರ್ಗ, ಉದ್ದದ ವರ್ಗ, ಕೂಡಿದರೆ ಒಂದಾಗಬೇಕು.
ಅಷ್ಟೇ. ಹುಡುಕಿ."

ಹುಡುಕಿದೆವು. ಸಿಕ್ಕ ಮನೆಗೊಂದು ಕಾಫಿ ಹಣ್ಣು.
ಎರಡು, ಎರಡು: ನಾಲ್ಕೂ ನಾಲ್ಕೂ ಎಂಟು,
ಸಂತೆ ದಾಟಿ ಒಂದು. ಇಡು ಇಲ್ಲಿ.
ಮೂರಕ್ಕೆ ಜೋಡಿಯೇ ಸಿಗಲಿಲ್ಲ.
ಕೊನೆಗೆ ಎಂಟು ಹಣ್ಣು,
ಕೋಳಿ ಕೆದಕಿ ಹೋದ ಹಾಗೆ ಅಲ್ಲೊಂದು ಇಲ್ಲೊಂದು.
ಇದನ್ನು ಯಾರು ವೃತ್ತ ಅನ್ನುತ್ತಾರೆ?

ಟೀಚರ್ ತಳದ ಸಾಲಿನ ಎರಡು ಹಣ್ಣು ಮುಟ್ಟಿದರು:
ಒಂದು, ಸಂತೆಯ ಮರುದಿನ; ಆರು, ಸಂತೆಯ ಹಿಂದಿನ ದಿನ.
"ಇದು ವ್ಯಾಸ. ಇಲ್ಲಿಂದ ಎರಡು-ಎರಡರ ಹಣ್ಣಿಗೆ ನಡೆಯಿರಿ."
ನಾನು ನಡೆದೆ: ಅಡ್ಡ ಒಂದು, ಉದ್ದ ಎರಡು.
ಜುಬೇದಾ ಅಂಚು ದಾಟಿ ಈಚೆಗೆ ಬಂದಳು: ಅಡ್ಡ ಮೂರು, ಉದ್ದ ಎರಡು.
ಅಡ್ಡಕ್ಕೆ ಅಡ್ಡ ಗುಣಿಸಿ, ಉದ್ದಕ್ಕೆ ಉದ್ದ,
ಮೂರೂ ನಾಲ್ಕೂ

ಏಳು.

ಲಂಬಕೋನ!
ಅರ್ಧವೃತ್ತದೊಳಗಿನ ಕೋನ,
ಇಲ್ಲಿ ಅರ್ಧವಿಲ್ಲ, ಒಳಗೆ ಎಂಬುದೂ ಇಲ್ಲ,
ಆದರೂ ಪುಸ್ತಕದ ಪುಟ ಬಿಟ್ಟೆದ್ದು ಬಂದು
ಬಿಸಿಲಿಗೆ ಕೂತಿತ್ತು ಅದೇ ಪ್ರಮೇಯ.
"ದುಂಡಗಿರಬೇಕೆಂದು ಅದು ಎಂದೂ ಕೇಳಿರಲಿಲ್ಲ," ಅಂದರು ಟೀಚರ್,
ಸೆರಗಿಗೆ ಕೈ ಒರೆಸುತ್ತಾ.
"ಕೂಡುವುದು, ಗುಣಿಸುವುದು ಇದ್ದರೆ ಸಾಕಿತ್ತು.
ದುಂಡಗೆ ಅಂದುಕೊಂಡವರು ನಾವು."

ಸಂಜೆಗೆ ಜುಬೇದಾ, ಕಾಲಲ್ಲೇ ಒರೆಸಿ,
ಎರಡು ಸಾಲು ಅಡ್ಡ, ಎರಡು ಸಾಲು ಉದ್ದ ಅಳಿಸಿದಳು.
ಐದರ ಲೋಕ. ಒಂದು-ಎರಡರಲ್ಲಿ ಹಣ್ಣಿಟ್ಟಳು.
ಒಂದೂ ನಾಲ್ಕೂ ಐದು, ಇಲ್ಲಿ ಐದೆಂದರೆ ಸೊನ್ನೆ.
"ಟೀಚರ್, ಇದು ಕೇಂದ್ರಕ್ಕೆ ದೂರವೇ ಇಲ್ಲ,
ಆದರೂ ಬೇರೆ ಮನೆಯಲ್ಲಿದೆ."
ಟೀಚರ್ ಬಹಳ ಹೊತ್ತು ಸುಮ್ಮನಿದ್ದರು.
"ಹೌದು," ಅಂದರು, "ಆ ಗೆರೆ ತನಗೆ ತಾನೇ ಲಂಬ."
ನಾನು ಜುಬೇದಾಳ ಮುಖ ನೋಡಿದೆ. ಅವಳು ಹಣ್ಣನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಬೊಳ್ಚಿ ಹಲಗೆ ಹಿಡಿದು ಬಂದಳು,
ಇಬ್ಬನಿ ಇಳಿಯುವ ಮೊದಲು ರಾಶಿ ಮಾಡಬೇಕು.
"ಏಳಿ ಏಳಿ!" ಅಂದಳು. ಲೋಕಗಳೆರಡೂ ಹೋದವು.

ಬೆರಳ ಸಂದಿಯಲ್ಲಿ ಒಂದು ಹಣ್ಣು ಉಳಿದಿತ್ತು.
ಬಾಯಿಗೆ ಹಾಕಿ ಚೀಪಿದೆ, ತುಸು ಸಿಹಿ.
ಉಗುಳಿದರೆ ಅಂಗೈ ಮೇಲೆ ಬೀಜ ಎರಡು,
ಬೆನ್ನು ದುಂಡಗೆ, ಎದೆ ಚಪ್ಪಟೆ.