ಎರಡು ಲೀಟರ್

ಮಡಿಕೇರಿ, ದೊಡ್ಡಾಸ್ಪತ್ರೆ, ಎರಡನೆಯ ಮಹಡಿ.
ನನ್ನ ಎದೆಯ ಬಿಲ್ಲೆಯಲ್ಲಿ
ಹೆಸರಿಗಿಂತ ದೊಡ್ಡಕ್ಷರದಲ್ಲಿ: ತರಬೇತಿ.
ಅಂದರೆ, ಗುಂಡಿ ತಿರುಗಿಸುವಂತಿಲ್ಲ.
ಅಂದರೆ, ತಿರುಗಿಸುವ ಕೈಯ ಪಕ್ಕ
ಕೈ ಕಟ್ಟಿ ನಿಂತು
ಎಷ್ಟು ತಿರುಗಿಸಬಾರದು ಎಂಬುದನ್ನು ಕಲಿಯಬೇಕು.

ದೇಚಮ್ಮ ಮೇಡಂ ಮಾತು ಕಡಿಮೆ.
ಕಫ ಸಡಿಲಿಸಲು ಬೆನ್ನು ತಟ್ಟುವುದನ್ನು ಹೇಳಿಕೊಟ್ಟದ್ದು ಹೀಗೆ:
"ಅಂಗೈ ಬೊಗಸೆ ಮಾಡು. ಹೊಡೀಬೇಡ.
ಹಲಸು ಬಲಿತಿದೆಯಾ ಅಂತ ನೋಡ್ತೀಯಲ್ಲ, ಹಾಗೆ."
ಮೂರು ದಿನ ನನ್ನ ತೊಡೆಯನ್ನೇ ತಟ್ಟಿಕೊಂಡೆ,
ಬಸ್ಸಿನಲ್ಲಿ, ಸುಂಟಿಕೊಪ್ಪದಿಂದ ಇಲ್ಲಿಯವರೆಗೆ.
ಕಂಡಕ್ಟರು ಕೇಳಿದ, ಯಾವ ಹಾಡಮ್ಮ?

ಏಳನೇ ಮಂಚ. ಚೋಮಿ. ವಯಸ್ಸು ಅಂದಾಜು ಅರವತ್ತು
(ಅಂದಾಜು ಅವಳದಲ್ಲ, ನಮ್ಮ ಗುಮಾಸ್ತರದು).
ಹುದಿಕೇರಿ ಕಡೆಯ ತೋಟ, ಲೈನು ಮನೆ.
ಬೀಡಿ ಸೇದ್ತೀರಾ? ಇಲ್ಲ.
ಸಿಗರೇಟು? ನಕ್ಕಳು.
ನಕ್ಕದ್ದಕ್ಕೆ ಎರಡು ನಿಮಿಷ ದಣಿದಳು.
ಕಿಟಕಿಯಿಲ್ಲದ ಮೂಲೆ, ಸಿಲ್ವರ್ ಓಕಿನ ಹಸಿ ಸೌದೆ,
ನಲವತ್ತು ವರುಷ.
ಕೇಸ್ ಶೀಟಿನಲ್ಲಿ ಒಲೆಗೆ ಜಾಗವಿರಲಿಲ್ಲ.
ಮೇಡಂ ಅಂಚಿನಲ್ಲಿ ಬರೆಸಿದರು.

ನನಗೊಪ್ಪಿಸಿದ ಕೆಲಸ, ತುಟಿ ಚೂಪು ಮಾಡಿ ಉಸಿರು ಬಿಡಿಸುವುದು.
ಪುಸ್ತಕದಲ್ಲಿ ಇದ್ದ ಹಾಗೇ ಹೇಳಿದೆ:
ಅಜ್ಜೀ, ಮೂಗಿನಲ್ಲಿ ಎಳಕೊಳ್ಳಿ,
ಎದುರಿಗೊಂದು ಮೇಣದಬತ್ತಿ ಅಂದುಕೊಳ್ಳಿ,
ಆರಬಾರದು, ನಡುಗಿದರೆ ಸಾಕು, ಹಾಗೆ ಊದಿ.
ಚೋಮಿ ನನ್ನನ್ನೇ ನೋಡಿದಳು.
"ಊದುಗೊಳವೆ ಹಿಡಿದ ಬಾಯಿಗೆ
ನೀನು ಊದೋದು ಕಲಿಸ್ತೀಯಾ ಕೂಸೇ?"
ಊದಿದಳು.
ಸಣ್ಣಗೆ, ಉದ್ದಕ್ಕೆ, ಎಲ್ಲೂ ಮುರಿಯದೆ.
ಎಣಿಸಿದೆ, ಆರಕ್ಕೆ ಬಂತು. ಪುಸ್ತಕ ಕೇಳಿದ್ದು ನಾಲ್ಕು.
ಬೂದಿಯಡಿಯ ಕೆಂಡವನ್ನು
ದಿನವೂ ಎಬ್ಬಿಸಿದ ಉಸಿರು ಅದು.
ಎಬ್ಬಿಸುತ್ತ ಎಬ್ಬಿಸುತ್ತ ಹೊಗೆ ಕುಡಿದದ್ದೂ ಅದೇ.
ಈಗ ಅದೇ ಊದು ಮದ್ದು ಎಂದು
ನಾನು ಹೇಗೆ ಹೇಳಲಿ, ಯಾವ ಕಾಲಮ್ಮಿನಲ್ಲಿ ಬರೆಯಲಿ?

ರಾತ್ರಿ ಎರಡೂವರೆ. ಮೇಡಂ ಕೆಳಗೆ, ಎಮರ್ಜೆನ್ಸಿಯಲ್ಲಿ.
ಬೆರಳಿನ ಕ್ಲಿಪ್ಪಿನ ಅಂಕಿ ಇಳಿಯತೊಡಗಿತು:
ತೊಂಬತ್ತು. ಎಂಬತ್ತಾರು. ಎಂಬತ್ತೊಂದು.
ಗೋಡೆಯ ಗುಂಡಿ ನನ್ನ ಕೈಗೆ ಎಟುಕುವಷ್ಟೇ ಎತ್ತರ.
ಎರಡು ಲೀಟರ್ ಇದ್ದದ್ದು ಆರು ಮಾಡಿದರೆ ಅಂಕಿ ಏರೀತು,
ಅಂಕಿ ಏರಿದರೆ ನನಗೆ ಹಗುರ.
ಆದರೆ ಇಂಥ ಎದೆಗೆ
ಆಕ್ಸಿಜನ್ನೂ ಹೆಚ್ಚಾದರೆ ಮಂಪರು,
ಮೇಡಂ ಹೇಳಿದ್ದರು, ಒಂದೇ ಸಲ.

ಸಿಸ್ಟರನ್ನು ಕೂಗಿದೆ. ಫೋನು ಮಾಡಿಸಿದೆ.
ಮಂಚದ ತಲೆಗಡೆ ಎತ್ತಿದೆ.
ಬಾಟಲಿ ನೋಡಿದೆ: ನೀರಿದೆ, ಗುಳ್ಳೆಯಿಲ್ಲ.
ನಳಿಗೆಯ ಮೇಲೆ ಬೆರಳು ಜಾರಿಸುತ್ತ
ಗೋಡೆಯಿಂದ ಮಂಚಕ್ಕೆ, ಮಂಚದಿಂದ ನೆಲಕ್ಕೆ,
ಮಂಡಿಯೂರಿ, ಕತ್ತಲಲ್ಲಿ, ಚಪ್ಪಲಿಗಳ ನಡುವೆ
ಸೊಸೆ ನಿದ್ದೆಹೋಗಿದ್ದ ಕುರ್ಚಿಯವರೆಗೆ.
ಕುರ್ಚಿಯ ಕಾಲು ನಳಿಗೆಯ ಮೇಲೆ ಕೂತಿತ್ತು.

ಕುರ್ಚಿ ಸರಿಸಲು ಯಾರ ಅನುಮತಿಯೂ ಬೇಡ.

ಬಾಟಲಿ ಗುಳುಗುಳು ಅಂದಿತು.
ನಾನೂ ಚೋಮಿಯೂ ಎದುರುಬದುರು ಕೂತು ಊದಿದೆವು,
ಅವಳು ಆರು, ನಾನು ಐದು,
ಎಂಬತ್ತೆಂಟು ಬರುವವರೆಗೆ.

ಮೆಟ್ಟಿಲು ಹತ್ತಿ ಓಡಿಬಂದ ಮೇಡಂ
ಬಾಗಿಲ ಚೌಕಟ್ಟು ಹಿಡಿದು ನಿಂತರು.
ಅಂಕಿ ನೋಡಿದರು, ಗುಂಡಿ ನೋಡಿದರು, ಎರಡೇ ಲೀಟರ್.
ಏನೋ ಕೇಳಲು ಬಾಯಿ ತೆರೆದರು,
ಏದುಸಿರು, ಮಾತು ಬರಲಿಲ್ಲ.
ಚೋಮಿ ಅವರತ್ತ ತಿರುಗಿ
ತುಟಿ ಚೂಪು ಮಾಡಿ ತೋರಿಸಿದಳು: ಹೀಗೆ.

ಮೇಡಂ ಊದಿದರು.