ನಾಲ್ಕು ನಿಮಿಷ ಬಾಕಿ

ಟೈಲರ್ ಅಂಗಡಿ ಪಕ್ಕದ ಕಬ್ಬಿಣದ ಏಣಿ ಹತ್ತಿದರೆ
ಪುಟ್ಟಲಿಂಗಣ್ಣನ ಗೇಮ್ ಕೋಣೆ.
ಗಂಟೆಗೆ ಅರವತ್ತು, ತಲೆಗೆ ಹದಿನೈದು.
ಚಪ್ಪಲಿ ಹೊರಗೆ. ಮಿರ್ಚಿ ತಿಂದ ಕೈ
ಪ್ಯಾಂಟಿಗೆ ಒರೆಸಿ ಒಳಗೆ.

ಮೊದಲ ಜಗಳ ದೈತ್ಯರ ಜೊತೆ ಅಲ್ಲ,
ಹಾರುವವನು ಯಾರು ಅಂತ.
ಹಾಲೇಶಿ ಕೆಂಪು ರೆಕ್ಕೆಯವನನ್ನು
ಹೋದ ಯುಗಾದಿಯಿಂದ ಬಿಟ್ಟುಕೊಟ್ಟಿಲ್ಲ.
ಕರಿಬಸವ ಗುದ್ದಿದರೆ ಕಟ್ಟಡ ಕುಸಿಯಬೇಕು,
ಸಾಲದ್ದಕ್ಕೆ ಬಾಯಲ್ಲೂ ಢಂ ಢಂ ಅನ್ನಬೇಕು.
ನನ್ನ ಪಾಲಿಗೆ ಹಿಮ ಎಸೆಯುವವಳು,
ಮತ್ತು ಎಡಕ್ಕೇ ವಾಲುವ ಹಳೇ ರಿಮೋಟು.
ಕೈಬಿಟ್ಟರೂ ನನ್ನ ವೀರನಾರಿ
ಗೋಡೆಗೆ ಮುಖ ಒತ್ತಿ ನಡೆಯುತ್ತಲೇ ಇರುತ್ತಾಳೆ,
ಲಗ್ನಕ್ಕೆ ಕರೆಯದ ಸೋದರತ್ತೆಯ ಹಾಗೆ.

ಉಳಿದವರು ಇಬ್ಬರು: ಉರಿಯುವವನು, ಮತ್ತೆ
ಒಬ್ಬ ಬೂದುಬಣ್ಣದವನು. ಹಾರಲ್ಲ, ಸುಡಲ್ಲ,
ಬಿದ್ದವರನ್ನು ಎಬ್ಬಿಸುತ್ತಾನೆ, ಅಷ್ಟೆ.
ಇಮ್ದಾದ್ ಯಾವತ್ತೂ ಅವನನ್ನೇ ಆರಿಸುತ್ತಾನೆ.
"ಬೆಂಕಿಯವನ್ನ ತಗಳಲೇ, ಮಸ್ತ್ ಅದಾನ" ಅಂದರೆ
"ಬೆಂಕಿ ಮನೇಲೇ ಐತಲ್ಲೋ" ಅಂದ ಒಮ್ಮೆ.
ಮೂವರೂ ನಕ್ಕೆವು. ಆಮೇಲೆ
ಪರದೆಯ ಬೆಳಕಲ್ಲಿ ಅವನ ಹೆಬ್ಬೆರಳು ಕಂಡಿತು:
ಮಂಡಕ್ಕಿ ಭಟ್ಟಿಯ ಕಾದ ಮರಳಿಗೆ
ಉಗುರಿನ ಸುತ್ತ ಗಟ್ಟಿಯಾದ ಚರ್ಮ.
ಗುಂಡಿ ತಗುಲಿದ್ದು ಗೊತ್ತಾಗಲಿಕ್ಕೆ
ಅವನು ನಮಗಿಂತ ಜೋರಾಗಿ ಒತ್ತಬೇಕು.

ಈ ಆಟಕ್ಕೊಂದು ಹಟ.
ನಾಲ್ವರೂ ಬರದೆ ಪರದೆ ಮುಂದೆ ಸರಿಯಲ್ಲ.
ಮುಂದೆ ನುಗ್ಗಿದ ಕರಿಬಸವ ಕಾಣದ ಗಾಜಿಗೆ ಮೂಗಿಟ್ಟು
ನಿಂತಲ್ಲೇ ಓಡುತ್ತಿರುತ್ತಾನೆ,
"ಬರ್ರಲೇ! ಬರ್ರಲೇ!"
ನಾನಿನ್ನೂ ಗೋಡೆಯಿಂದ ಮುಖ ಕೀಳುತ್ತಿರುತ್ತೇನೆ.

ನಿನ್ನೆ ಏಳನೇ ಹಂತ. ಸೇತುವೆಯ ಮೇಲೆ
ಆರು ಕೈಯ ಉಕ್ಕಿನವನು.
ಮೊದಲು ಹಾಲೇಶಿ ಬಿದ್ದ, ರೆಕ್ಕೆ ಸಮೇತ.
ಕರಿಬಸವ ಬಿದ್ದ, ಬಾಯಲ್ಲಿ ಅರ್ಧ ಢಂ.
ನಾನು ಎಡಕ್ಕೆ ವಾಲಿ ಸೀದಾ ಅವನ ಕಾಲಡಿಗೆ.
ಬಿದ್ದವರ ತಲೆಯ ಮೇಲೆ ಹತ್ತರಿಂದ ಇಳಿಯುವ ಅಂಕಿ.
ಒಬ್ಬರನ್ನು ಎಬ್ಬಿಸಲು ಮೂರು ಸೆಕೆಂಡು
ಗುಂಡಿ ಒತ್ತಿಹಿಡಿಯಬೇಕು,
ಅಷ್ಟೂ ಹೊತ್ತು ತಿರುಗಿ ಹೊಡೆಯುವಂತಿಲ್ಲ.

ಬೂದುಬಣ್ಣದವ ಬೆನ್ನಿಗೆ ಪೆಟ್ಟು ತಿನ್ನುತ್ತ ಮಂಡಿಯೂರಿದ.
ಒತ್ತಿಹಿಡಿದ. ಹಾಲೇಶಿ ಎದ್ದ.
ಒತ್ತಿಹಿಡಿದ. ಕರಿಬಸವ ಎದ್ದ.
ದೈತ್ಯನಿಗೆ ಉಳಿದ ಜೀವ ಕೂದಲೆಳೆಯಷ್ಟು ಕೆಂಪು.
"ಅವಳನ್ನ ಬಿಡಲೇ, ಹೊಡಿ ಅವನ್ನ!"
ನನ್ನ ತಲೆಯ ಮೇಲೆ ಎರಡು.
ಬೇಕಾದದ್ದು ಮೂರು, ಇದ್ದದ್ದು ಎರಡು.
ಭಟ್ಟಿಯಲ್ಲಿ ಚೀಲ ಎಣಿಸುವವನಿಗೆ
ಈ ಲೆಕ್ಕ ಬಾರದೇ ಇಲ್ಲ.
ಬಂದ. ಮಂಡಿಯೂರಿದ. ಒತ್ತಿ

ಕರೆಂಟು ಹೋಯಿತು.

ಕತ್ತಲಲ್ಲಿ ಮೊದಲು ಕೇಳಿಸಿದ್ದು ಕೆಳಗಿನ ಹೊಲಿಗೆ ಯಂತ್ರ,
ಕಾಲಲ್ಲಿ ತುಳಿಯುವುದು, ಅದಕ್ಕೇನು.
ಪುಟ್ಟಲಿಂಗಣ್ಣ ಮೊಬೈಲ್ ಬೆಳಕಲ್ಲಿ ಪುಸ್ತಕ ತೆರೆದು
ನಾಲ್ಕು ನಿಮಿಷ ಬಾಕಿ ಅಂತ ಬರೆದುಕೊಂಡ.
ದೈತ್ಯನ ಲೆಕ್ಕ ಅವನ ಪುಸ್ತಕದಲ್ಲಿಲ್ಲ.
ನಾಳೆ ಮತ್ತೆ ಮೊದಲಿಂದ, ಸೇತುವೆಯ ಈ ಕಡೆಯಿಂದ.
ಇಮ್ದಾದನ ಹೆಬ್ಬೆರಳು ಇನ್ನೂ ಗುಂಡಿಯ ಮೇಲಿತ್ತು.

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಮೂವರು ಬಗ್ಗಿ ದಾಟಿದೆವು, ಕೆಟ್ಟ ಚಾಳಿ.
ಅವನ ಸೈಕಲ್ಲಿನ ಹಿಂದೆ ಮಂಡಕ್ಕಿ ಚೀಲ:
ಆಳೆತ್ತರ, ಹತ್ತಿಯ ಹಗುರ, ಬಗ್ಗುವ ಜಾತಿಯಲ್ಲ.
"ನಡೀರಿ, ನಂದು ಲೇಟಾಗತೈತಿ" ಅಂತ ಕೈ ಬೀಸಿದ.
ಕರಿಬಸವ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತ,
ಮೂಗಿಗೆ ಏನೋ ತಗುಲಿದವನಂತೆ.
ಯಾರೂ ಏನೂ ಅನ್ನಲಿಲ್ಲ.

ಗೂಡ್ಸ್ ಗಾಡಿ ಬಂತು, ನಿಧಾನ, ಹರಿಹರದ ಕಡೆಯದು.
ಬೋಗಿ ಬೋಗಿಯ ಸಂದಿಯಲ್ಲಿ
ಚೀಲ, ಸೈಕಲ್ಲು, ಚೀಲ, ಅವನ ಮುಖ, ಚೀಲ.
ಹಾಲೇಶಿ ಬೋಗಿ ಎಣಿಸತೊಡಗಿದ.
ಮೂವತ್ತೊಂದಕ್ಕೆ ಲೆಕ್ಕ ತಪ್ಪಿತು.
ಅಲ್ಲಿಂದ ಮುಂದೆ ಸುಮ್ಮನೆ ನಿಂತಿದ್ದೆವು.