ಮೇಲ್ದವಡೆ, ಎಡಗಡೆ, ಆರನೆಯದು

ಭಾನುವಾರ ರಾತ್ರಿ ಒಂಬತ್ತಕ್ಕೆ ಇಡೀ ಡಂಡೀ
ಟೀವಿಯ ಮುಂದೆ. ನಾನೂ.
ಕಥೆಯಲ್ಲೊಬ್ಬ ದಂತವೈದ್ಯ, ಊರಿಗೇ ಬೇಕಾದವನು.
ಹಗಲು, ಗುರುತು ಸಿಗದ ಹೆಣಗಳ ಹಲ್ಲು ನೋಡಿ
ಪೊಲೀಸರಿಗೆ ಹೆಸರು ಹೇಳುತ್ತಾನೆ.
ರಾತ್ರಿ ಅದೇ ಕೈಯಲ್ಲಿ ಎಕ್ಸ್‌ರೇ ಬದಲಿಸಿ
ಬದುಕಿರುವವರನ್ನು ಕಾಗದದ ಮೇಲೆ ಸಾಯಿಸುತ್ತಾನೆ,
ದುಡ್ಡಿಗೆ.

ಪಕ್ಕದ ಮನೆಯ ಎಫೀ ದಿಂಬು ಅವುಚಿಕೊಂಡು
"ಇಶ್‌ಬೆಲ್, ನಿಮ್ಮ ಡಾಕ್ಟರೂ ಹೀಗೇ ಇದ್ದರೆ?" ಅನ್ನುತ್ತಾಳೆ.
ಡಾಕ್ಟರ್ ಮಂಕರ್!
ಇಪ್ಪತ್ತಾರು ವರ್ಷ ನೋಡಿದ್ದೇನೆ ಆ ಮನುಷ್ಯನನ್ನು.
ಪಾರ್ಕಿಂಗ್ ಚೀಟಿಯ ಹೊತ್ತು ಮೀರಿದರೆ
ಅಂಗೈ ಬೆವರುತ್ತದೆ ಅವರಿಗೆ.

ಧಾರಾವಾಹಿಯವರಿಗೆ ಏನೂ ಗೊತ್ತಿಲ್ಲ.
ಯಾವ ಡಾಕ್ಟರೂ ಕಪಾಟು ತಾನೇ ತೆರೆಯುವುದಿಲ್ಲ,
ಬೀಗದ ಕೈ ಎಲ್ಲಿದೆಯೆಂದೂ ತಿಳಿಯದು.
"ಇಶ್‌ಬೆಲ್, ಆ ಕಾರ್ಡು ಕೊಡಿ" ಅನ್ನುತ್ತಾರೆ,
ಕೊಟ್ಟದ್ದನ್ನು ಬೆಳಕಿಗೆ ಹಿಡಿಯುತ್ತಾರೆ,
"ಹೌದು, ಇವನೇ" ಅನ್ನುತ್ತಾರೆ.

ಮತ್ತೆ, ನಡುರಾತ್ರಿ ಬೇಕಿಲ್ಲ. ಕೈಗವಸು,
ಎದೆ ಡವಡವಿಸುವ ಆ ಸಂಗೀತ, ಯಾವುದೂ.
ಡಾಕ್ಟರು ಸ್ಯಾಂಡ್‌ವಿಚ್ ತಿಂದು ಮುಗಿಸುವಷ್ಟು ಹೊತ್ತು,
ಪೊಲೀಸರು ಹೆಣದ ಹಲ್ಲಿನ ನಕ್ಷೆ ಕಳಿಸುವ
ಫ್ಯಾಕ್ಸ್ ಯಂತ್ರ (ಅದು ನನ್ನ ಮೇಜಿನ ಮೇಲಿತ್ತು),
ಒಂದು ಹೊಸ ಕಾರ್ಡು,
ಮತ್ತು ಎಲ್ಲ ಕಾರ್ಡುಗಳ ಮೇಲೂ ಇರುವ
ನನ್ನದೇ ದುಂಡು ಅಕ್ಷರ.

ಯಾಕೆ ಎನ್ನುವುದಕ್ಕೆ ಅವರು ಮೂರು ಕಂತು ತೆಗೆದುಕೊಳ್ಳುತ್ತಾರೆ.
ನಾನು ಹೇಳುವುದಿಲ್ಲ.
ದೋಣಿ ಖಾಲಿ ಬಂತು. ಹತ್ತು ದಿನಕ್ಕೆ
ಟೇ ನದಿ ಯಾರನ್ನೋ ದಡಕ್ಕೆ ತಂದು ಹಾಕಿತು.
ರಾನಲ್ಡ್ ಹೋಗಬೇಕಿತ್ತು. ಹೋದ.
ಪ್ರತಿ ಜನವರಿ ಒಂದು ಚಿತ್ರಪತ್ರ ಬರುತ್ತಿತ್ತು, ಸಹಿಯಿಲ್ಲದ್ದು,
ಬರೀ ಕಿತ್ತಳೆ ಮರ. ಈಗ ಅದೂ ಇಲ್ಲ.

ಎಫೀ ಎದ್ದು ಚಹಾ ಕುದಿಸುತ್ತಾಳೆ.
"ಸಿಕ್ಕಿಬೀಳುತ್ತಾನೆ ನೋಡು, ಇಂಥವರು ಕೊನೆಗೆ ಸಿಕ್ಕಿಬೀಳಲೇಬೇಕು."
ಎರಡು ಚಮಚ ಸಕ್ಕರೆ ಅನ್ನುತ್ತೇನೆ.

ಬಾಲ್ಗೇ ಗುಡ್ಡದ ಗೋರಿಗೆ ತಿಂಗಳಿಗೊಮ್ಮೆ ಹೋಗುತ್ತೇನೆ.
ಕಲ್ಲಿನ ಮೇಲೆ ನನ್ನ ಗಂಡನ ಹೆಸರು. ಪಾಚಿ ಕೆರೆಯುತ್ತೇನೆ.
ಕೆಳಗೆ ಮಲಗಿದವನ ಮೇಲ್ದವಡೆಯಲ್ಲಿ,
ಎಡಗಡೆ, ಆರನೆಯ ಹಲ್ಲಿಗೆ
ಯಾರೋ ಎಲ್ಲಿಯೋ ಬೆಳ್ಳಿ ತುಂಬಿದ್ದರು,
ತಾಳ್ಮೆಯಿಂದ ಮಾಡಿದ ಕೆಲಸ.
ಆ ಊರಲ್ಲೂ ಒಂದು ಕಪಾಟಿರಬೇಕು,
ಬೀಗದ ಕೈ ಬಲ್ಲವಳೊಬ್ಬಳು,
ಯಾರೂ ಕೇಳದ ಒಂದು ಕಾರ್ಡು,
ಅದರ ಕೊನೆಯ ಸಾಲಿನಲ್ಲಿ ಅವಳ ಅಕ್ಷರ:
ಆರು ತಿಂಗಳು ಬಿಟ್ಟು ಬರತಕ್ಕದ್ದು.